ಹೆಗಲ ಮೇಲಿನ ನಾರು

ತೀನ್ ಕಂದೀಲಿನ ಹತ್ತಿರ ಬಳೆ ಅಂಗಡಿಯ ಮೇಲಿನ ಕೋಣೆಯಲ್ಲಿ
ಫ್ಯಾನಿನ ಸದ್ದಿಗಿಂತ ಜೋರಾಗಿ ಷರ್ಫುದ್ದೀನ್ ಸರ್ ಹೇಳುತ್ತಾರೆ:
ಹೇಳಿಕೆ ಈ ದಡ, ತೀರ್ಮಾನ ಆ ದಡ.
ದಡ ನೋಡುತ್ತ ನಿಲ್ಲಬೇಡಿ,
ನಡುವಿನ ಸೇತುವೆಯನ್ನು ಅಲ್ಲಾಡಿಸಿ.
ಒಂದು ಪ್ರಶ್ನೆಗೆ ಒಂದು ನಿಮಿಷ.
ಲಾ ಕಾಲೇಜಿನ ಬಾಗಿಲು ಅಷ್ಟು ಹೊತ್ತೇ ತೆರೆದಿರುತ್ತದೆ.

ಅಲ್ಲಾಡಿಸಲು ಕಲಿತೆ.
ಕಾಗೆ ಕೂತದ್ದಕ್ಕೇ ಟೊಂಗೆ ಮುರಿಯಿತೆಂದರೆ, ಬಿ.
ಒಂದು ಅಗುಳು ಹಿಸುಕಿ
ಊರಿನ ಅನ್ನವೆಲ್ಲ ಬೆಂದಿದೆಯೆಂದರೆ, ಡಿ.
ಬಸ್ಸಿನಲ್ಲಿ, ಪಾನ್ ಡಬ್ಬಿಯ ಮುಂದೆ, ಅತ್ತಿಗೆಯ ಮಾತಿನಲ್ಲಿ
ಎಲ್ಲೆಲ್ಲೂ ಸಡಿಲ ಹಲಗೆಗಳು.
ಮನೆಯಲ್ಲೀಗ ಯಾರೂ ನನ್ನೊಡನೆ ಜಗಳಕ್ಕೆ ಬರುವುದಿಲ್ಲ.

ನಿನ್ನೆ ಹದಿನೇಳನೆಯ ಪ್ರಶ್ನೆ. ಇಂಗ್ಲಿಷಿನಲ್ಲಿತ್ತು:
ಮಳೆ ಬಂದರೆ ರಸ್ತೆ ಒದ್ದೆಯಾಗುತ್ತದೆ.
ರಸ್ತೆ ಒದ್ದೆಯಾಗಿದೆ.
ಆದ್ದರಿಂದ ಮಳೆ ಬಂದಿದೆ.
ತಪ್ಪೆಲ್ಲಿ?
ಪೆನ್ಸಿಲ್ಲು ಸಿ ಮೇಲೆ ಇಳಿಯಬೇಕಿತ್ತು.
ಇಳಿಯಲಿಲ್ಲ.

ನನಗೆ ಒಂಬತ್ತು ವರ್ಷ. ರಾಜೇಂದ್ರ ಗಂಜ್.
ತೊಗರಿ ಸೀಜನ್ನು, ಬುತ್ತಿ ಕೊಡಲು ಹೋಗಿದ್ದೆ.
ಅಂಗಡಿಯಲ್ಲಿ ಒಂದು ಚೀಲ ಲೆಕ್ಕಕ್ಕೆ ಕಡಿಮೆ.
ಮುನೀಮ ವಿರೂಪಣ್ಣ ಹನ್ನೊಂದು ಹಮಾಲರನ್ನು ಸಾಲಾಗಿ ನಿಲ್ಲಿಸಿ
ಕನ್ನಡಕ ಒರೆಸಿಕೊಳ್ಳುತ್ತ ಅಂದ:
‘ಕದ್ದಾಂವನ ಹೆಗಲ ಮ್ಯಾಲ ಗೋಣಿ ನಾರ ಇರ್ತದ.’
ಹನ್ನೊಂದು ಹೆಗಲು ಬಿಸಿಲಿಗೆ ನಿಂತಿದ್ದವು.
ಒಂದು ಕೈ ಮೇಲೆದ್ದಿತು, ಅಪ್ಪನದು,
ಎಡ ಹೆಗಲಿಗೆ.
ಅಲ್ಲಿ ಬೆಳಗಿನಿಂದ ಹುಣ್ಣು ಉರಿಯುತ್ತಿತ್ತು.
‘ಏನ್ಲೇ ತಾಯಪ್ಪ, ಕುಂಬಳಕಾಯಿ ಕಳ್ಳ!’
ಗಂಜಿಗೆ ಗಂಜೇ ನಕ್ಕಿತು.
ತಕ್ಕಡಿ ಹಿಡಿಯುವವನೂ ನಕ್ಕ,
ತನ್ನ ಅಂಗಿಯ ಮೇಲಿನ ನಾರು ಕೊಡವಿಕೊಳ್ಳುತ್ತ.

ನಾಲ್ಕು ವಾರದ ಹಮಾಲಿ ಆ ಚೀಲಕ್ಕೆ ಜಮೆಯಾಯಿತು.
ಅಪ್ಪ ಏನೂ ಅನ್ನಲಿಲ್ಲ. ಗಂಜಿನಲ್ಲೂ, ಮನೆಯಲ್ಲೂ.
ಮಾತಾಡದವನು ಒಪ್ಪಿಕೊಂಡವನು ಎಂದು
ಆ ರಾತ್ರಿಯೇ ತೀರ್ಮಾನಿಸಿ ಮಲಗಿದೆ.
ಆಮೇಲೆ ಒಂಬತ್ತು ವರ್ಷ
ಅವನು ಹೊತ್ತು ತಂದ ಬೇಳೆಯನ್ನು
ಅದೇ ತೀರ್ಮಾನದ ತಟ್ಟೆಯಲ್ಲಿ ಉಂಡೆ.
ಆ ಸೇತುವೆಯನ್ನು ಯಾರೂ ಅಲ್ಲಾಡಿಸಿರಲಿಲ್ಲ.
ಕಟ್ಟಿದವಳು ನಾನು.

ರಾತ್ರಿ ಅಪ್ಪ ಹೊಸ್ತಿಲ ಮೇಲೆ ಕೂತು ಹೆಗಲಿಗೆ ಎಣ್ಣೆ ತಿಕ್ಕುತ್ತಿದ್ದ.
ಹದಿನೇಳನ್ನು ಕನ್ನಡ ಮಾಡಿ ಹೇಳಿದೆ,
ಮಳೆ ಬಿಟ್ಟು, ರಸ್ತೆ ಬಿಟ್ಟು:
‘ಕದ್ದಾಂವನ ಹೆಗಲ ಮ್ಯಾಲ ನಾರ ಇರ್ತದ, ಖರೆ.
ನಾರ ಇದ್ದಾಂವೆಲ್ಲ ಕದ್ದಾಂವ ಅಲ್ಲ. ಉತ್ತರ ಸಿ.’
ತಿಕ್ಕುವ ಕೈ ನಿಂತಿತು.
‘ಸಿ ಅಂದ್ರ, ನಾ ಕದ್ದಿಲ್ಲ ಅಂತನಾ?’

ಇಲ್ಲಿ ನನ್ನ ನಾಲಿಗೆ ಎಡವಿತು.
ಅಲ್ಲ ಅಪ್ಪ.
ವಾದ ಕುಂಟು ಅಂತ ಸಿ ಹೇಳುತ್ತದೆ, ಅಷ್ಟೇ.
ಕುಂಟ ಹೇಳಿದ ಊರು ಇರಲೂಬಹುದು, ಇಲ್ಲದಿರಲೂಬಹುದು.
ಅದನ್ನು ಪರೀಕ್ಷೆ ಕೇಳುವುದಿಲ್ಲ.
ಕೇಳಬೇಕಾದವಳು ನಾನು, ಒಂದೇ ನಿಮಿಷದ ಪ್ರಶ್ನೆ.
ಆಗ ಕೇಳಲಿಲ್ಲ.
ಈಗ ಕೇಳುವ ಮುಖವಿಲ್ಲ.

ಅವನೇ ಕೇಳಿದ: ‘ಎಷ್ಟ್ ಮಾರ್ಕು?’
‘ಒಂದು. ತಪ್ಪಾದ್ರ ಕಾಲು ಕಡೀತಾರ.’
ತನ್ನ ಕಾಲು ನೋಡಿಕೊಂಡ, ನನ್ನದನ್ನೂ ನೋಡಿದ.
‘ಯಾರ್ದು ಕಡೀತಾರ?’
‘ತಪ್ಪು ಉತ್ತರ ಬರದವರ್ದು.’

ಅಪ್ಪ ನಕ್ಕ. ಎಣ್ಣೆ ಬಟ್ಟಲು ಚೆಲ್ಲುವಷ್ಟು.
‘ಚಲೋ ಪರೀಕ್ಷಿ ಅದ,’ ಅಂದ, ‘ಬರಿ. ಬರ್ದು ಬಾ.
ಗಂಜಿನ್ಯಾಗ ಬರದಾಂವ ಒಬ್ಬ, ಕಡಿಸ್ಕೊಂಡಾಂವ ಒಬ್ಬ.’

ಆಮೇಲೆ ಬೆನ್ನು ತಿರುಗಿಸಿ ಕೂತ.
‘ಹಿಂದ ಕೈ ಮುಟ್ಟಂಗಿಲ್ಲ, ಹಚ್ಚು.’
ಹಚ್ಚಿದೆ.
ಎಡ ಹೆಗಲ ಗಡ್ಡೆ ಒಣಗಿದ ಹುಣಸೆ ಬೊಡ್ಡೆಯ ಹಾಗೆ.
ಬೆರಳಿಗೊಂದು ನಾರು ಸಿಕ್ಕಿತು.
ಇವತ್ತಿನದು.