ಬಣ್ಣ ಕಾಣದವನ ಹಿಂದೆ

ಸೆಪ್ಟೆಂಬರಿನ ಎರಡನೆಯ ವಾರ. ಕುರಿ ಎಣಿಸಿದೆವು.
ಮೂರು ಕಡಿಮೆ.
ಒಂದು ತಾಯಿ, ಎರಡು ಮರಿ, ಎಡಗಿವಿಯಲ್ಲಿ ನಮ್ಮ ಮನೆಯ ಕಚ್ಚು.
"ಗಂಧಕದ ಗುಡ್ಡ ಹತ್ತಿರಬೇಕು" ಅಂದ ಓರ್ಮುರ್,
ಆಗಲೇ ಬೂಟಿನ ದಾರ ಬಿಗಿಯುತ್ತ.
ನನ್ನ ಅಣ್ಣ. ಹುಟ್ಟಿದಾಗಿನಿಂದ
ಅವನಿಗೆ ಕೆಂಪೂ ಹಸಿರೂ ಒಂದೇ.

ಮೊದಲು ಲಾವಾದ ಹರಹು.
ಕರಿಗಾಜಿನ ಚೂರು ಕಾಲಡಿಗೆ ಕಿಣಿಕಿಣಿ,
ಯಾರದೋ ಮನೆಯ ಒಡೆದ ಪಿಂಗಾಣಿಯ ಮೇಲೆ
ಕದ್ದು ನಡೆದ ಹಾಗೆ.
"ಪಾಚಿ ತುಳೀಬೇಡ,
ಅದು ಮತ್ತೆ ಏಳೋದಕ್ಕೆ ನಿನ್ನ ಆಯಸ್ಸು ಸಾಲದು."

ಅಲ್ಲಿಂದ ಏರು.
ಬ್ರೆನ್ನಿಸ್ಟೈನ್ಸಾಲ್ದ
ತನ್ನ ಒಳಗನ್ನೆಲ್ಲ ಹೊರಗೆ ಹರವಿಕೊಂಡು ಕೂತಿದೆ:
ಒಂದು ಪಟ್ಟೆ ತುಕ್ಕು, ಪಕ್ಕದಲ್ಲೇ ಮೊಟ್ಟೆಯ ಹಳದಿ,
ಬಿಸಿಲಿಗೆ ಕಂದಿದ ಗುಲಾಬಿ,
ಪೆಟ್ಟು ಮಾಗುವಾಗಿನ ನೇರಳೆ,
ನಡುವೆ, ಯಾರು ಕೇಳಿದ್ದರೋ, ಒಂದು ಹಿಡಿ ಕಡುಹಸಿರು.
ನಾನು ನಿಲ್ಲುತ್ತೇನೆ. ಪ್ರತಿವರ್ಷ ನಿಲ್ಲುತ್ತೇನೆ.
ಅವನು ನಿಲ್ಲುವುದಿಲ್ಲ.

ಎಂಟನೇ ವಯಸ್ಸಿನಲ್ಲಿ ಇದೇ ಬೆಟ್ಟ ಬರೆದಿದ್ದ ಶಾಲೆಗೆ,
ಒಂದೇ ಪೆನ್ಸಿಲು, ಕಂದು.
"ಬಣ್ಣ ತುಂಬಿ ತಾ" ಎಂದು ವಾಪಸು ಬಂತು.
ಅವನು ಮಲಗಿದ ಮೇಲೆ ದೀಪ ಹಚ್ಚಿ ನಾನು ತುಂಬಿದೆ.
ಬಹುಮಾನ ಬಂತು.
ಮೂರು ದಿನ ನನ್ನೊಡನೆ ಮಾತಿಲ್ಲ.
ಆಮೇಲೆ ಮೂವತ್ತೊಂದು ವರ್ಷ
ಆ ಮಾತೇ ಇಲ್ಲ.

ಅರ್ಧ ಬೆಟ್ಟದಲ್ಲಿ ಮಂಜು ಇಳಿಯಿತು.
ಕೆಳಗಿನ ಉಗಿ ಮೇಲಿನ ಮೋಡದ ಕೈ ಹಿಡಿಯಿತು.
ಹಳದಿ ಹೋಯಿತು. ನೇರಳೆ ಹೋಯಿತು.
ತಪ್ಪಲಿನಲ್ಲಿದ್ದ ಚಾರಣದವರ ಕಿತ್ತಳೆ ಗುಡಾರ ಹೋಯಿತು.
ನನ್ನ ಕೆಂಪು ಕೈಗವಸು ಇದ್ದ ಕಡೆ
ಬರಿ ಕೈಯ ತೂಕ.

"ಬಾ."
ಬೆನ್ನೂ ಕಾಣದು, ಧ್ವನಿ ಮಾತ್ರ.
ಬಗ್ಗಿ ಅಂಗೈ ಇಡುತ್ತಾನೆ ನೆಲಕ್ಕೆ,
ಗಬ್ಬದ ಹಸುವಿನ ಹೊಟ್ಟೆ ಮುಟ್ಟಿ
ಕರು ಎಲ್ಲಿದೆಯೆಂದು ನೋಡುವವನ ಹಾಗೆ.
"ಇಲ್ಲಿ ಬೆಚ್ಚಗಿದೆ, ಇಲ್ಲಿಡು ಕಾಲು.
ಅಲ್ಲಿ ಬೇಡ. ಅಲ್ಲಿ ನೆಲ ಬರಿ ಹಪ್ಪಳ, ಅಡಿಗೆ ಕೊತಕೊತ.
ಬುಸುಗುಡುತ್ತಲ್ಲ, ಅದು ಹಳೇ ಬಾಯಿ, ಏನೂ ಮಾಡಲ್ಲ.
ಮೆಲ್ಲಗೆ ಗುಳುಗುಳು ಅಂತಿದೆ ನೋಡು,
ಅದು ಹೋದ ವರ್ಷ ಇರಲಿಲ್ಲ."

ಕೊಳೆತ ಮೊಟ್ಟೆಯ ನಾತ. ಅದರೊಳಗೊಂದು
ಒದ್ದೆ ಉಣ್ಣೆಯ ವಾಸನೆ; ಮೊದಲು ಅವನಿಗೆ, ಆಮೇಲೆ ನನಗೆ.
ಬಿಸಿ ಮಣ್ಣಿಗೆ ಹೊಟ್ಟೆ ಕೊಟ್ಟು ಮಲಗಿತ್ತು ತಾಯಿ,
ಏಳಲು ಮನಸ್ಸಿಲ್ಲದೆ.
ಬಗಲಲ್ಲೊಂದು ಮರಿ.
ಒಂದೇ.

ಇನ್ನೊಂದು ಎಲ್ಲಿ ಎಂದು
ನಾನು ಕೇಳಲಿಲ್ಲ, ಅವನೂ ಕೇಳಲಿಲ್ಲ.
ಗುಳುಗುಳು ಕೇಳಿಸುತ್ತಲೇ ಇತ್ತು.

ಹೆಬ್ಬೆರಳಿನಿಂದ ಕಿವಿಯ ಕಚ್ಚು ತಡವಿ, "ನಮ್ಮದೇ" ಅಂದ.
ಮರಿಯನ್ನು ಕೋಟಿನೊಳಗೆ ತುರುಕಿಕೊಂಡ.
ಎದ್ದು ನಿಂತವನು, ಯಾಕೋ,
"ಬೆಟ್ಟ ಇವತ್ತು ಯಾವ ಬಣ್ಣ?" ಎಂದು ಕೇಳಿದ.

ಸುತ್ತ ನೋಡಿದೆ.
"ಕಾಣ್ತಿಲ್ಲ."

"ಹಾಗಾದರೆ," ಅಂದ, ಮಂಜಿನೊಳಗಿಂದ ನಗು,
"ಕಂದು ಅಂತ ಬರಕೋ."

ಇಳಿಯುವಾಗ ಅವನ ಕೋಟಿನ ತುದಿ ಹಿಡಿದಿದ್ದೆ.
ಮನೆ ಮುಟ್ಟಿ ದೀಪ ಹಚ್ಚಿದರೆ
ಬೆರಳಿನ ಬೆಳ್ಳಿಯುಂಗುರ ಗಂಧಕಕ್ಕೆ ಕಪ್ಪಾಗಿತ್ತು.
ತಿಕ್ಕಿದರೆ ಹೋಗುತ್ತದೆ.
ಇನ್ನೂ ತಿಕ್ಕಿಲ್ಲ.