ಕಿವಿಯ ಕಚ್ಚು

ವೆಸ್ಟ್‌ಮನ್ನಾದ ಕಡಲತೋಳಿನಲ್ಲಿ, ಸಾಲ್ಮನ್ ಬಲೆಗಳ ಕೆಳಗೆ
ನೀರು ಎತ್ತ ಹರಿಯುತ್ತಿದೆ, ಎಷ್ಟು ಜೋರಾಗಿ,
ಹೇಳಬಲ್ಲ ಪ್ರೋಗ್ರಾಂ ಒಂದೇ ಒಂದು.
ಬರೆದ ವೀಗೋದ ಕಂಪನಿ ಬಾಗಿಲು ಹಾಕಿ ಆರು ವರ್ಷ.
ಮೂಲಬರಹ ಯಾರ ಬಳಿಯೂ ಇಲ್ಲ,
ಉಳಿದದ್ದು ಬರೀ ಸೊನ್ನೆ ಒಂದುಗಳ ಗಟ್ಟಿ,
ಲಿನಕ್ಸ್ ಬಿಟ್ಟು ಬೇರೆ ನೆಲ ಮೆಟ್ಟದ್ದು.

ಸುನ್ವಾಳ ಶೆಡ್ಡಿನಲ್ಲಿರುವುದು ಫ್ರೀಬಿಎಸ್‌ಡಿ.
ಮೀನುಮೇವಿನ ಮೂಟೆಗಳ ಪಕ್ಕ
ಒಂಬತ್ತು ಚಳಿಗಾಲ ಮುನಿಯದೆ ಕೂತ ಪೆಟ್ಟಿಗೆ.
ಬದಲಿಸು ಎಂದರೆ ಮೂಗು ಮುರಿಯುತ್ತಾಳೆ:
ಒಬ್ಬ ನೆಂಟನಿಗಾಗಿ ಮನೆ ಕೆಡವುತ್ತಾರೆಯೇ?

ಮೊದಲ ಸಲ ಹೊಸ್ತಿಲಲ್ಲೇ ತಡೆದರು:
ಯಾರ ಪೈಕಿ ನೀನು?
ಉತ್ತರವಿಲ್ಲ. ಫೈಲಿನ ಹಣೆ ಖಾಲಿ.
ಉಣ್ಣೆ ಕತ್ತರಿ ಮಸೆಯುತ್ತಿದ್ದ ಮಾವ ಐಬ್ಯೋರ್ನ್ ನಕ್ಕ:
ಕಿವಿ ಕಚ್ಚಿಲ್ಲದ ಕುರಿ ಯಾವ ಗುಡ್ಡದ್ದೆಂದು ಯಾರು ಹೇಳಬೇಕು?
ಅವಳು ಒಂದೇ ಸಾಲು ಟೈಪಿಸಿದಳು. ಕಚ್ಚು ಬಿತ್ತು:
ಇದು ಲಿನಕ್ಸಿನದು, ದಾರಿ ಬಿಡಿ.

ಒಳಗೆ ಅದಕ್ಕೊಂದು ಬೇರೆ ಬಿಡಾರ.
ಅದೇ ಹೆಸರಿನ ಕಪಾಟು, ಇದ್ದಲ್ಲೇ ಇದ್ದ ಲೈಬ್ರರಿ.
ಇದು ಯಾವ ಊರು?
ಲಿನಕ್ಸೇ, ಎನ್ನುತ್ತದೆ ನಡುವಿನ ಪದರ, ರೆಪ್ಪೆ ಮಿಟುಕಿಸದೆ.
ನಟನೆಯೇನೂ ಅಲ್ಲ, ದುಡಿಮೆ ನಿಜದ್ದು,
ಅದೇ ಪ್ರೊಸೆಸರು, ಅದೇ ಬಿಸಿ.
ಕರ್ನೆಲ್ಲಿನ ಬಳಿ ಕೈಚಾಚುವಾಗ ಮಾತ್ರ
ಮೂವತ್ತೊಂಬತ್ತೆಂದು ಕೇಳಿದ್ದು
ಇಲ್ಲಿಯ ಇಪ್ಪತ್ತಾಗಿ ದಾಟುತ್ತದೆ.
ನನ್ನ ಸಂಖ್ಯೆ ಯಾವುದು ಎಂಬ ಪ್ರಶ್ನೆ ಅದು.

ನಡುರಾತ್ರಿ ದಾಟಿ ಒಂದು ಕರೆ ಸಿಕ್ಕಿಕೊಂಡಿತು.
ಹೊಸ ಅಳತೆ ಬಂದರೆ ನನ್ನನ್ನು ಎಬ್ಬಿಸಿ, ಎಂದಿತು ಪ್ರೋಗ್ರಾಂ.
ಆ ಪದ್ಧತಿ ನಮ್ಮಲ್ಲಿಲ್ಲ, ಎಂದಿತು ಪದರ.
ಹೆಸರಿನಲ್ಲಿ ಸುಳ್ಳಾಡಿದ್ದು
ಇಲ್ಲದ್ದನ್ನು ಇದೆಯೆನ್ನಲಿಲ್ಲ.
ಸುನ್ವಾ ಕಾಫಿ ಲೋಟ ಕೆಳಗಿಡಲೂ ಮರೆತಳು.

ಸತ್ತೀತೆಂದುಕೊಂಡೆವು.
ಸರಿ, ಹಾಗಾದರೆ
ನಿಮಿಷಕ್ಕೊಮ್ಮೆ ನಾನೇ ಎದ್ದು ನೋಡುತ್ತೇನೆ, ಎಂದಿತು.

ವೀಗೋದಲ್ಲಿ ಯಾರೋ, ಯಾವ ಸಂಜೆಯೋ,
ಇಲ್ಲ ಅನ್ನಿಸಿಕೊಂಡು ಬಂದವರೇ ಇರಬೇಕು,
ಮುಂದೊಂದು ಮನೆ ಇಲ್ಲವೆಂದೀತೆಂದು ನೆನೆದು
ಈ ಎರಡು ಸಾಲು ಬರೆದಿಟ್ಟು ಎದ್ದುಹೋಗಿದ್ದಾರೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ.
ಪರದೆಯ ಮೇಲೆ: ಸೆಕೆಂಡಿಗೆ ನಲವತ್ತೊಂದು ಸೆಂಟಿಮೀಟರು, ವಾಯುವ್ಯಕ್ಕೆ.
ಇಷ್ಟು ಸೆಳವಿದ್ದರೆ ಮೇವೆಲ್ಲ ಬಲೆಯಾಚೆ.
ಸುನ್ವಾ ಬೂಟು ಎಳೆದುಕೊಂಡು
ಮೋಟಾರು ನಿಲ್ಲಿಸಲು ಓಡಿದಳು,
ಬಾಗಿಲು ತೆರೆದೇ ಬಿಟ್ಟು.