ಗೇಟು ಹಾಕಿದ್ದ ಹೊತ್ತು

ಮೈಕು ಸಿಕ್ಕಿಸಲು ಜಾಗವೇ ಇಲ್ಲ ಇವರ ನಿಲುವಂಗಿಯಲ್ಲಿ.
ಕೊರಳಿನ ಬಿಳಿಪಟ್ಟಿಗೆ ಹಾಕಿದರೆ ಕ್ಲಿಪ್ಪು ಜಾರುತ್ತದೆ,
ಎರಡನೆಯ ಗುಂಡಿಯ ಸಂದಿಗೆ ಹಾಕಿದರೆ
ಎದೆಬಡಿತವೂ ಸೇರಿ ಬರುತ್ತದೆ.
ಗುರುವಾರ ಗುರುವಾರ ನಾನು ಗುಂಡಿಗೇ ಹಾಕುತ್ತೇನೆ.

ಮಂಡಿಪೇಟೆ, ಕಬ್ಬಿಣದಂಗಡಿಯ ಮೇಲಿನ ಮಹಡಿ,
ಮೊಟ್ಟೆಯ ಟ್ರೇ ಬಡಿದ ಗೋಡೆ, ಎರಡು ದೀಪ.
ಏದುಸಿರಲ್ಲಿ ಮೆಟ್ಟಿಲೇರಿ ಬರುತ್ತಾರೆ ಇನ್ನಾಸಪ್ಪ ಸ್ವಾಮೇರು.
ಬಗಲಚೀಲದಲ್ಲಿ ತಾವೇ ಬರೆದ ಪುಸ್ತಕದ ನಾಲ್ಕು ಪ್ರತಿ
(ಐನೂರು ಅಚ್ಚು ಹಾಕಿಸಿದ್ದು, ಮುನ್ನೂರ ಎಪ್ಪತ್ತು ಇನ್ನೂ
ಇಗರ್ಜಿಯಲ್ಲಿ, ಮೇಣದಬತ್ತಿಯ ಕಪಾಟಿನಲ್ಲಿ)
ಮತ್ತು ಕಾಗದದಲ್ಲಿ ಸುತ್ತಿದ ಮಿರ್ಚಿ, ನನಗೆ.

ಕಾಟನ್ ಮಿಲ್ಲಿನ ಹೆಂಗಸರ ಮಾತುಗಳ ಪುಸ್ತಕ ಅದು.
ಅರ್ಧಕ್ಕರ್ಧ ಸಿಸಿಲಮ್ಮನ ಬಾಯಿಂದ ಬಂದದ್ದು:
"ಸೈರನ್ ಅಂತ ಬರೀಬ್ಯಾಡ್ರಿ ಸ್ವಾಮಿ, ಭೋಂಗಾ ಅನ್ರಿ.
ಮಿಲ್ಲು ಮುಚ್ಚಿದ್ರೂ ನನಗೆ
ಮೂರೂ ಪಾಳಿಗೆ ಎಚ್ಚರ ಆಗ್ತತಿ."

ಪರದೆಯ ಮೇಲೆ ಮಾತ್ರ ಅವರು ಲೇಖಕರಲ್ಲ.
ಹೆಸರಿನ ಕೆಳಗೆ ಒಂದೇ ಪದವಿ: ಕ್ರೈಸ್ತ ಧರ್ಮಗುರು.
ಕಸದ ಲಾರಿಯಾಗಲಿ, ಬೆಣ್ಣೆದೋಸೆಯ ದರವಾಗಲಿ
ನಿರೂಪಕನ ಪ್ರಶ್ನೆ ಒಂದೇ,
"ನಿಮ್ಮ ಸಮುದಾಯದ ನಿಲುವೇನು ಫಾದರ್?"
ಈ ಗುರುವಾರ ರೈಲ್ವೆ ಗೇಟಿನ ಚರ್ಚೆ.
"ನಮ್ಮ ಸಮುದಾಯವೂ ಗೇಟಿನಲ್ಲೇ ನಿಂತಿದೆಯಪ್ಪಾ,
ನಿನ್ನ ಸ್ಕೂಟರಿನ ಹಿಂದೆ."
ನಾನು ನಕ್ಕೆ. ಮೀಟರಿನ ಮುಳ್ಳೂ ಹಾರಿತು.

ಜಾಹೀರಾತು. ಪಂಪ್‌ಸೆಟ್ಟು, ಸೀರೆ, ಮತ್ತೆ ಪಂಪ್‌ಸೆಟ್ಟು.
ನಿರೂಪಕ ಕನ್ನಡಿಯೊಳಗೆ ಕ್ರಾಪು ತಿದ್ದಿಕೊಳ್ಳುತ್ತಿದ್ದ.
ಮೈಕು ಬಿಟ್ಟೇ ಇತ್ತು, ನನ್ನ ಕಿವಿಯಲ್ಲಿ ಹೆಡ್‌ಫೋನು.
ಯಾರಿಗೂ ಅಲ್ಲ, ಮೇಜಿಗೆ ಹೇಳುವಂತೆ ಅವರು ಹೇಳಿದರು:

"ಸಿಸಿಲಮ್ಮನಿಗೆ ಕೊನೆಯ ತೈಲ ಹಚ್ಚಲು ಹೋಗುವಾಗ
ಗೇಟು ಹಾಕಿತ್ತು. ಹನ್ನೊಂದು ನಿಮಿಷ. ನಿಜ.
ಎಲ್ಲರಿಗೂ ಅದನ್ನೇ ಹೇಳಿದೆ, ಬಿಷಪ್ಪರಿಗೂ.
ಫೋನು ಬಂದದ್ದು ಅದಕ್ಕೂ ಇಪ್ಪತ್ತು ನಿಮಿಷ ಮೊದಲು.
ಭಾನುವಾರದ ಅಂಕಣ, ಒಂದು ವಾಕ್ಯ ಕೂಡುತ್ತಿರಲಿಲ್ಲ.
ಕೂಡಿಸಿ,
ಪೆನ್ನಿನ ಮುಚ್ಚಳ ಹಾಕಿ,
ಹೊರಟೆ."

ಬಿಡುವು ಮುಗಿಯಿತು.
"ಫಾದರ್, ಈ ಗೇಟಿನ ದೆಸೆಯಿಂದಲೇ
ಸಾಯುತ್ತಿದ್ದವರ ಹತ್ತಿರ ತಾವು ತಡವಾಗಿ ಹೋದಿರಂತೆ,
ನಮ್ಮ ವೀಕ್ಷಕರಿಗೆ ಹೇಳಬೇಕು."
"ಅದು ಗೇಟಿನ ತಪ್ಪಲ್ಲ. ಗೇಟು ತೆರೆದೇ ಇದ್ದಾಗ ನಾನು..."
ಗಾಜಿನಾಚೆ ಎರಡು ಬೆರಳು ಕತ್ತರಿಯಾದವು.
ಕತ್ತರಿ ಕಂಡರೆ ನನ್ನ ಕೈ ತಾನೇ ಗುಬಟವನ್ನು ಕೆಳಗೆಳೆಯುತ್ತದೆ,
ಒಂಬತ್ತು ವರ್ಷದ ರೂಢಿ.

ಊರಿಗೆ ತುಟಿ ಮಾತ್ರ ಕಂಡಿತು,
ಅದರ ಮೇಲೆ ಗುತ್ತಿಗೆದಾರರ ಸಂಘದವರ ಗಂಟಲು.
ನನಗೆ ಪೂರ್ತಿ ಕೇಳಿಸಿತು, ಎರಡನೆಯ ಸಲ.
ಈ ಸಲ ಆ ವಾಕ್ಯವನ್ನೂ ಹೇಳಿದರು.
ಒಳ್ಳೆಯ ವಾಕ್ಯವೇ.

ಕ್ಲಿಪ್ಪು ಬಿಚ್ಚುವಾಗ ಕೇಳಿದರು,
"ಖಲಂದರ್, ಬ್ಯಾಟರಿ ಕೊನೆತನಕ ಇತ್ತೇನಪ್ಪ?"
"ಇತ್ತು ಸ್ವಾಮೇರೆ."
ಮತ್ತೇನೂ ಕೇಳಲಿಲ್ಲ ಅವರು.
ಮೆಟ್ಟಿಲ ಮೇಲೆ ಕೂತು ಇಬ್ಬರೂ ಮಿರ್ಚಿ ತಿಂದೆವು. ಆರಿಹೋಗಿತ್ತು,
ಎಣ್ಣೆ ಮಾತ್ರ ಬೆರಳಿಗೆ ಹತ್ತಿತು.
ಅವರು ಕೈ ಒರೆಸಿಕೊಳ್ಳದೆ ಬೆರಳುಗಳನ್ನೇ ನೋಡುತ್ತಿದ್ದರು.
ಅಶೋಕ ರಸ್ತೆಯ ಕಡೆ ಗೂಡ್ಸುಗಾಡಿ ಕೂಗಿತು.
ಗಡಿಯಾರ ನೋಡಿಕೊಂಡರು, ನಾನೂ.